ಕೋಳಿ ರೋಗ ಪತ್ತೆ ಲ್ಯಾಬ್: ಮೂರು ಬ್ಯಾಚ್, ಮೂರು ರೋಗ, ನನ್ನ ರಿವ್ಯೂ

ಸತ್ತ ಕೋಳಿಯನ್ನು ಲ್ಯಾಬಿಗೆ ಹೊತ್ತುಕೊಂಡು ಹೋದರೆ ಏನು ಬಂತು, ಸತ್ತದ್ದು ಎದ್ದು ಬರುತ್ತದಾ ಅಂತ ನನ್ನನ್ನು ತುಂಬಾ ಜನ ಕೇಳಿದ್ದಾರೆ. ಎದ್ದು ಬರುವುದಿಲ್ಲ. ಆದರೆ ಶೆಡ್‌ನಲ್ಲಿ ಇನ್ನೂ ಉಸಿರಾಡುತ್ತಿರುವ ಸಾವಿರ ಕೋಳಿಗಳಿಗೆ ಮುಂದೆ ಏನಾಗಲಿದೆ ಅನ್ನುವುದನ್ನು ಆ ಸತ್ತ ಕೋಳಿ ಹೇಳುವಷ್ಟು ಬೇರೆ ಯಾರೂ ಹೇಳುವುದಿಲ್ಲ. ಒಂದೇ ಲ್ಯಾಬಿಗೆ ನಾನು ಮೂರು ದೊಡ್ಡ ತೊಂದರೆಗಳ ಹೊತ್ತಿನಲ್ಲಿ ಹೋಗಿದ್ದೇನೆ. ಮೊದಲು ಮಾರೆಕ್ಸ್, ಆಮೇಲೆ ಕೊಕ್ಕರೆ ರೋಗ (ರಾಣಿಖೇತ್, ಇಂಗ್ಲಿಷಿನಲ್ಲಿ ನ್ಯೂಕ್ಯಾಸಲ್), ಕೊನೆಗೆ ಕೋಳಿ ಕಾಲರಾ. ನಡುವೆ ರ್ಯಾಪಿಡ್ ಕಿಟ್ ಕೂಡ ಬಳಸಿದೆ. ಇದು ಎಲ್ಲದರ ರಿವ್ಯೂ. ಹೊಗಳಿಕೆಯ ಜೊತೆ ದೂರುಗಳೂ ಇರುವುದರಿಂದ ಲ್ಯಾಬಿನ ಹೆಸರು ಹಾಕುತ್ತಿಲ್ಲ.

ಲ್ಯಾಬ್ ಚೆನ್ನಾಗಿದೆಯಾ ಇಲ್ಲವಾ ಅಂತ ತಿಳಿಯಲು ನಾನು ಈಗ ಮೆಷಿನ್ ನೋಡುವುದಿಲ್ಲ. ಅವರು ನನ್ನನ್ನು ಎಷ್ಟು ಪ್ರಶ್ನೆ ಕೇಳುತ್ತಾರೆ ಅಂತ ನೋಡುತ್ತೇನೆ. ಇದಕ್ಕೂ ಮೊದಲು ಬೇರೊಂದು ಕಡೆ ಹೋಗಿದ್ದೆ. ಅಲ್ಲಿ ಕೌಂಟರಿನಲ್ಲಿದ್ದವರು ಚೀಲ ಇಸಿದುಕೊಂಡು ನಂಬರ್ ಬರೆದು ಕಳಿಸಿಬಿಟ್ಟರು. ಕೋಳಿಗೆ ಎಷ್ಟು ವಾರ ಅಂತಲೂ ಕೇಳಲಿಲ್ಲ. ವಾರದ ನಂತರ ಬಂದ ರಿಪೋರ್ಟ್‌ನಲ್ಲಿ ಎರಡೇ ಸಾಲು, ಬ್ಯಾಕ್ಟೀರಿಯಾ ಸೋಂಕು ಇರಬಹುದು ಅಂತ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ, ಒಂದೂ ಇಲ್ಲ.

ಈ ಲ್ಯಾಬಿನಲ್ಲಿ ಚೀಲ ಬಿಚ್ಚುವ ಮೊದಲೇ ವೈದ್ಯೆ ನನ್ನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಎಷ್ಟು ಕೋಳಿ, ಎಷ್ಟು ವಾರ, ಮರಿ ಎಲ್ಲಿಂದ ಬಂತು, ಯಾವ ಲಸಿಕೆ ಯಾವ ದಿನ ಹಾಕಿದಿರಿ, ನೀರಿನಲ್ಲಾ ಕಣ್ಣಿಗಾ, ಯಾರು ಹಾಕಿದರು, ದಿನಕ್ಕೆ ಎಷ್ಟೆಷ್ಟು ಸತ್ತವು, ಶೆಡ್‌ನ ಒಂದೇ ಮೂಲೆಯಲ್ಲಿ ಸಾಯುತ್ತಿವೆಯಾ ಎಲ್ಲ ಕಡೆಯಾ, ಫೀಡ್ ಲೋಡ್ ಯಾವಾಗ ಬದಲಾಯಿತು, ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಒದ್ದೆ ಇದೆಯಾ, ಇಲಿ ಇವೆಯಾ, ಪಕ್ಕದಲ್ಲಿ ಬಾತುಕೋಳಿ ಸಾಕಿದ್ದಾರಾ. ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ ಬಂತು, ಕೋಳಿಗಳು ದಿನಕ್ಕೆ ಎಷ್ಟು ನೀರು ಕುಡಿಯುತ್ತಿವೆ? ನನಗೆ ಗೊತ್ತಿರಲಿಲ್ಲ. ಆರೋಗ್ಯವಾಗಿರುವ ಕೋಳಿ ತಿಂದ ಮೇವಿನ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಬಿಸಿಲಿದ್ದರೆ ಇನ್ನೂ ಜಾಸ್ತಿ. ರೋಗ ಬಂದಾಗ ಬಹಳ ಸಲ ಮೊದಲು ಇಳಿಯುವುದೇ ನೀರು. ಮೇವು, ಮೊಟ್ಟೆ ಆಮೇಲೆ. ಸಾವು ಎಲ್ಲಕ್ಕಿಂತ ಕೊನೆಗೆ. ಅಂದರೆ ನಾವು ಸತ್ತ ಕೋಳಿ ಎಣಿಸಲು ಶುರು ಮಾಡುವ ಹೊತ್ತಿಗೆ ಒಂದೆರಡು ದಿನ ಕಳೆದುಹೋಗಿರುತ್ತದೆ. ಅವತ್ತು ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಪೈಪಿಗೆ ಮೀಟರ್ ಹಾಕಿಸಿದ್ದು.

ಆ ಮೊದಲ ಸಲದ ಕಥೆ ಹೇಳುತ್ತೇನೆ. 14 ವಾರದ ಹ್ಯಾಟೆಗಳು. ಇನ್ನು ಒಂದು ತಿಂಗಳಲ್ಲಿ ಮೊಟ್ಟೆಗೆ ಬರಬೇಕಾದವು. ಕೆಲವು ಕುಂಟಲು ಶುರು ಮಾಡಿದವು. ಆಮೇಲೆ ಒಂದು ಕಾಲು ಮುಂದಕ್ಕೆ, ಇನ್ನೊಂದು ಕಾಲು ಹಿಂದಕ್ಕೆ ಚಾಚಿ ಮಲಗಿಬಿಟ್ಟವು. ಕಣ್ಣು ಚುರುಕಾಗಿತ್ತು, ಮೇವು ಹತ್ತಿರ ಇಟ್ಟರೆ ತಿನ್ನುತ್ತಿದ್ದವು. ಔಷಧಿ ಅಂಗಡಿಯವರು ವಿಟಮಿನ್ ಕೊರತೆ ಅಂದರು. ನಾನು ನಂಬಿದೆ. ಎರಡು ವಾರ ವಿಟಮಿನ್ ಕೊಟ್ಟೆ, ಕ್ಯಾಲ್ಸಿಯಂ ಕೊಟ್ಟೆ. ಆ ಎರಡು ವಾರದಲ್ಲಿ ಕುಂಟುವ ಕೋಳಿಗಳ ಸಂಖ್ಯೆ ಆರರಿಂದ ಮೂವತ್ತಕ್ಕೆ ಹೋಯಿತು.

ಲ್ಯಾಬಿನಲ್ಲಿ ನನ್ನನ್ನು ಪೋಸ್ಟ್‌ಮಾರ್ಟಂ ನೋಡಲು ಬಿಟ್ಟರು. ಈ ಒಂದು ಕಾರಣಕ್ಕೇ ನಾನು ಅವರಿಗೆ ಜಾಸ್ತಿ ಅಂಕ ಕೊಡುತ್ತೇನೆ. ಗರಿಯನ್ನು ಸೋಪು ನೀರಿನಲ್ಲಿ ನೆನೆಸಿದರು, ಧೂಳು ಏಳದಿರಲಿ ಅಂತ. ತೊಡೆ ಕೀಲು ಬಿಡಿಸಿ ಕೋಳಿಯನ್ನು ಅಂಗಾತ ಹರಡಿದರು. ಒಳತೊಡೆಯ ಮಾಂಸವನ್ನು ಸರಿಸಿ ನರ ತೋರಿಸಿದರು. ಎಡಗಡೆಯದು ಬಿಳಿ ದಾರದ ಹಾಗೆ ತೆಳ್ಳಗೆ ಇತ್ತು, ಹತ್ತಿರದಿಂದ ನೋಡಿದರೆ ಅಡ್ಡಡ್ಡ ಸಣ್ಣ ಗೆರೆಗಳು ಕಾಣುತ್ತಿದ್ದವು. ಬಲಗಡೆಯದು ಅದರ ಎರಡರಷ್ಟು ದಪ್ಪ, ಬೂದು ಹಳದಿ ಬಣ್ಣ, ಗೆರೆಗಳೇ ಇಲ್ಲ. ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಎರಡು ವಾರ ವಿಟಮಿನ್ ಸುರಿದದ್ದು ಯಾವುದಕ್ಕೆ ಅಂತ ಕಣ್ಣಿಗೆ ಕಾಣುತ್ತಿತ್ತು.

ಮಾರೆಕ್ಸ್ ರೋಗ. 1907ರಲ್ಲಿ ಹಂಗೇರಿಯ ಯೋಜೆಫ್ ಮಾರೆಕ್ ಅನ್ನುವ ಪಶುವೈದ್ಯ ಮೊದಲು ವಿವರಿಸಿದ್ದು, ಅವರ ಹೆಸರೇ ರೋಗಕ್ಕೆ ಉಳಿಯಿತು. ಹರ್ಪಿಸ್ ಜಾತಿಯ ವೈರಸ್. ನರಗಳಲ್ಲಿ, ಲಿವರ್‌ನಲ್ಲಿ, ಅಂಡಾಶಯದಲ್ಲಿ ಗಡ್ಡೆ ಬೆಳೆಸುತ್ತದೆ. ಕೆಲವು ಕೋಳಿಗಳಲ್ಲಿ ಕಣ್ಣಿನ ಬಣ್ಣ ಬೂದಾಗಿ ಪಾಪೆಯ ಅಂಚು ಹರಿದ ಹಾಗೆ ಕಾಣುತ್ತದೆ.

ನರ ದಪ್ಪಗಾಗಿದೆ ಅಂದ ಕೂಡಲೇ ವೈದ್ಯೆ ತೀರ್ಪು ಕೊಡಲಿಲ್ಲ, ಅದು ನನಗೆ ಇಷ್ಟವಾಯಿತು. ಬಿ2 ವಿಟಮಿನ್ ಕೊರತೆಯಲ್ಲೂ ಇದೇ ನರ ಊದಿಕೊಳ್ಳುತ್ತದೆಯಂತೆ. ಆದರೆ ಅದು ಬರುವುದು ಎರಡು ಮೂರು ವಾರದ ಮರಿಗಳಲ್ಲಿ, ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ, ಸಾಮಾನ್ಯವಾಗಿ ಎರಡೂ ಕಾಲಿಗೆ. ಇನ್ನೊಂದು, ಲಿಂಫಾಯ್ಡ್ ಲ್ಯೂಕೋಸಿಸ್. ಅದರಲ್ಲೂ ಲಿವರ್ ತುಂಬಾ ಗಡ್ಡೆ ಇರುತ್ತದೆ. ಆದರೆ ಅದು ಹೆಚ್ಚಾಗಿ 16 ವಾರ ದಾಟಿದ ಮೇಲೆ ಬರುತ್ತದೆ, ಬರ್ಸಾ ಅನ್ನುವ ಅಂಗದಲ್ಲಿ ಗಡ್ಡೆ ಮಾಡುತ್ತದೆ, ನರಕ್ಕೆ ಕೈ ಹಾಕುವುದಿಲ್ಲ. ಹಾಗಾಗಿ ವಯಸ್ಸು ಕೇಳಿದ್ದು ಸುಮ್ನೆ ಫಾರ್ಮ್ ತುಂಬಿಸಲು ಅಲ್ಲ. ಅರ್ಧ ಉತ್ತರ ಅದರಲ್ಲೇ ಇತ್ತು. ಉಳಿದರ್ಧಕ್ಕೆ ನರ, ಲಿವರ್, ಗುಲ್ಮದ ತುಂಡುಗಳನ್ನು ಫಾರ್ಮಲಿನ್‌ಗೆ ಹಾಕಿ ಹಿಸ್ಟೋಪೆಥಾಲಜಿಗೆ, ಅಂದರೆ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಿನಡಿ ನೋಡುವ ಪರೀಕ್ಷೆಗೆ ಕಳಿಸಿದರು.

ಮಾರೆಕ್ಸ್‌ಗೆ ಔಷಧಿ ಇಲ್ಲ. ಇದನ್ನು ಮುಖಕ್ಕೆ ನೇರವಾಗಿ ಹೇಳಿದರು, ಏನಾದರೂ ಕೊಟ್ಟು ಕಳಿಸೋಣ ಅನ್ನುವ ಹಾಗೆ ಮಾಡಲಿಲ್ಲ. ಲಸಿಕೆ ಮರಿ ಮೊಟ್ಟೆಯೊಡೆದ ಮೊದಲ ದಿನವೇ ಹ್ಯಾಚರಿಯಲ್ಲಿ ಬೀಳಬೇಕು, ಇಲ್ಲವೇ ಮೊಟ್ಟೆಯೊಳಗೇ 18ನೇ ದಿನದ ಹೊತ್ತಿಗೆ. ಸಾಮಾನ್ಯವಾಗಿ ಆ ಲಸಿಕೆಯನ್ನು ದ್ರವ ಸಾರಜನಕದಲ್ಲಿ ಇಡಬೇಕು, ಕರಗಿಸಿದ ಮೇಲೆ ತಡ ಮಾಡದೆ ಹಾಕಿ ಮುಗಿಸಬೇಕು. ಅದು ಗಡ್ಡೆ ಬಾರದ ಹಾಗೆ ತಡೆಯುತ್ತದೆ, ಆದರೆ ವೈರಸ್ ದೇಹಕ್ಕೆ ಸೇರುವುದನ್ನು ತಡೆಯುವುದಿಲ್ಲ. ವೈರಸ್ ಗರಿಯ ಬುಡದಿಂದ ಉದುರುವ ಹೊಟ್ಟಿನಲ್ಲಿ, ಶೆಡ್ ಧೂಳಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಳೇ ಬ್ಯಾಚ್ ಪಕ್ಕದಲ್ಲೇ ಹೊಸ ಮರಿ ಬಿಟ್ಟರೆ ಲಸಿಕೆ ಕೆಲಸ ಶುರು ಮಾಡುವ ಮೊದಲೇ ಆ ಧೂಳು ಮರಿಯ ಮೂಗು ಸೇರುತ್ತದೆ. ನಾನು ಮಾಡಿದ್ದು ಅದೇ. ಒಂದೇ ಸೂರಿನಡಿ ಎರಡು ವಯಸ್ಸಿನ ಕೋಳಿ. ಈಗ ಶೆಡ್ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಲು ಬಿಟ್ಟು ಆಮೇಲೆ ಮರಿ ತರುತ್ತೇನೆ. ಆ ಒಂದು ಬದಲಾವಣೆಗೆ ಈ ಲ್ಯಾಬಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಎರಡನೇ ಸಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ.

36 ವಾರದ ಲೇಯರ್‌ಗಳು. ಸೋಮವಾರ ಮೂರು ಸತ್ತವು. ಮಂಗಳವಾರ ಹನ್ನೊಂದು. ಬುಧವಾರ ಬೆಳಿಗ್ಗೆ ಬಾಗಿಲು ತೆಗೆದಾಗ ನಲವತ್ತು. ಮೊಟ್ಟೆ ಅರ್ಧಕ್ಕೆ ಇಳಿದಿತ್ತು, ಇಟ್ಟವುಗಳ ಚಿಪ್ಪು ಕೈಯಲ್ಲಿ ಒಡೆಯುತ್ತಿತ್ತು. ಹಸಿರು ಹಿಕ್ಕೆ. ಬಾಯಿ ತೆರೆದು ಗೊರಗೊರ ಉಸಿರು. ಕೆಲವು ಕೋಳಿಗಳ ಕತ್ತು ಹಿಂದಕ್ಕೆ ತಿರುಚಿಕೊಂಡು ಮುಖ ಆಕಾಶ ನೋಡುತ್ತಿತ್ತು.

ಸೋಮವಾರವೇ ನಾನು ಹಕ್ಕಿಜ್ವರದ ರ್ಯಾಪಿಡ್ ಕಿಟ್ ಬಳಸಿದ್ದೆ. ಗಂಟಲಿನ ಸ್ವಾಬ್ ತೆಗೆದು ದ್ರವದಲ್ಲಿ ಅದ್ದಿ ಮೂರು ಹನಿ ಹಾಕುವುದು, ಹದಿನೈದು ನಿಮಿಷ ಕಾಯುವುದು. ಒಂದೇ ಗೆರೆ ಬಂತು. ನೆಗೆಟಿವ್. ಸಮಾಧಾನವಾಯಿತು, ಮಲಗಿದೆ. ಇಲ್ಲಿ ಕಿಟ್ ಬಗ್ಗೆ ಹೇಳಬೇಕಾದದ್ದು ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಇದನ್ನು ಲ್ಯಾಬಿಗೆ ಬದಲಾಗಿ ಬಳಸುತ್ತಿದ್ದಾರೆ. ಕಿಟ್ ಬಳಸಲು ಸುಲಭ, ಅದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಗೆರೆ ಮೂಡಬೇಕಾದರೆ ಸ್ವಾಬ್‌ನಲ್ಲಿ ವೈರಸ್ ತುಂಬಾ ಇರಬೇಕು. ಆಗಷ್ಟೇ ಸತ್ತ ಕೋಳಿ, ಲಕ್ಷಣ ಜೋರಾಗಿರುವ ಕೋಳಿ ಆದರೆ ಸಿಗುತ್ತದೆ. ನೋಡಲು ಚೆನ್ನಾಗಿರುವ ಎರಡು ಕೋಳಿಯಿಂದ ಸ್ವಾಬ್ ತೆಗೆದರೆ ನೆಗೆಟಿವ್ ಬಂದರೂ ಅದಕ್ಕೆ ಅರ್ಥವಿಲ್ಲ. ಪಾಸಿಟಿವ್ ಬಂದರೆ ಗಾಬರಿಯಾಗಿ, ತಕ್ಷಣ ಫೋನ್ ಮಾಡಿ. ನೆಗೆಟಿವ್ ಬಂದರೆ ಸಮಾಧಾನ ಪಡಬೇಡಿ. ಮತ್ತೆ ಆ ಕಿಟ್ ಹುಡುಕುವುದು ಒಂದೇ ವೈರಸ್ ಅನ್ನು. ನನ್ನ ಶೆಡ್‌ನಲ್ಲಿದ್ದದ್ದು ಬೇರೆಯದು, ಅದನ್ನು ಹುಡುಕುವ ಕೆಲಸವನ್ನೇ ಅದು ಮಾಡಿರಲಿಲ್ಲ.

ಬುಧವಾರ ಬೆಳಿಗ್ಗೆ ಕೋಳಿಗಳನ್ನು ಚೀಲಕ್ಕೆ ಹಾಕಿ ಲ್ಯಾಬಿಗೆ ಹೊರಟಿದ್ದೆ. ಅದೃಷ್ಟಕ್ಕೆ ಮೊದಲು ಫೋನ್ ಮಾಡಿದೆ. ಅವರು ಲಕ್ಷಣ ಕೇಳಿ, ಸಾವಿನ ಲೆಕ್ಕ ಕೇಳಿ, ಒಂದೇ ಮಾತು ಹೇಳಿದರು. ತರಬೇಡಿ. ಕೊಯ್ಯಬೇಡಿ. ಯಾರನ್ನೂ ಒಳಗೆ ಬಿಡಬೇಡಿ, ಒಂದು ಟ್ರೇ ಮೊಟ್ಟೆ ಕೂಡ ಹೊರಗೆ ಹೋಗಬಾರದು. ಸರ್ಕಾರಿ ಪಶುವೈದ್ಯರಿಗೆ ನಾವೇ ತಿಳಿಸುತ್ತೇವೆ. ಆ ಕ್ಷಣ ನನಗೆ ಕೋಪ ಬಂತು. ಇವರು ಸಹಾಯ ಮಾಡುತ್ತಿದ್ದಾರಾ, ಸಿಕ್ಕಿಸುತ್ತಿದ್ದಾರಾ ಅಂತ. ಆದರೆ ಯೋಚಿಸಿ ನೋಡಿ. ತೀವ್ರ ಹಕ್ಕಿಜ್ವರ ಮತ್ತು ತೀವ್ರ ಕೊಕ್ಕರೆ ರೋಗ, ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕೊಯ್ದು ನೋಡಿದರೂ ಖಚಿತವಾಗಿ ಬೇರೆ ಮಾಡಲು ಆಗುವುದಿಲ್ಲ. ಜಠರದ ಒಳಗಿನ ರಕ್ತದ ಚುಕ್ಕೆ ಎರಡರಲ್ಲೂ ಇರಬಹುದು. ಹಕ್ಕಿಜ್ವರವಾದರೆ ನಾನು ಆ ಚೀಲವನ್ನು ಗಾಡಿಯಲ್ಲಿಟ್ಟು ದಾರಿಯುದ್ದಕ್ಕೂ ಎಷ್ಟು ಕೋಳಿ ಶೆಡ್‌ಗಳನ್ನು ದಾಟಿ ಹೋಗುತ್ತಿದ್ದೆ? ಮತ್ತು ಮಾಸ್ಕ್ ಇಲ್ಲದೆ ಕೊಯ್ದ ಮನುಷ್ಯನಿಗೂ ಅದು ಅಂಟಬಹುದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಮನುಷ್ಯರಿಗೆ ಬಂದಾಗ 18 ಜನರಲ್ಲಿ 6 ಜನ ಸತ್ತಿದ್ದರು.

ಮಧ್ಯಾಹ್ನಕ್ಕೆ ತಂಡ ಬಂತು. ಮೈತುಂಬಾ ಕವಚ, ಗ್ಲೌಸ್, ಮಾಸ್ಕ್, ಬೂಟಿಗೆ ಔಷಧಿ ನೀರು. ಅವರು ಸ್ಯಾಂಪಲ್ ತೆಗೆದ ರೀತಿ ನೋಡಿ ನಾನು ತುಂಬಾ ಕಲಿತೆ. ಚೆನ್ನಾಗಿ ಓಡಾಡುವ ಕೋಳಿಯನ್ನು ಮುಟ್ಟಲಿಲ್ಲ. ಗರಿ ಕೆದರಿ ಕೂತಿರುವವು, ಈಗಷ್ಟೇ ಸತ್ತವು, ಅವನ್ನೇ ಆರಿಸಿದರು. ಒಂದೊಂದು ಕೋಳಿಗೂ ಎರಡು ಸ್ವಾಬ್, ಒಂದು ಗಂಟಲಿಂದ, ಒಂದು ಹಿಕ್ಕೆ ದ್ವಾರದಿಂದ. ಮರದ ಕಡ್ಡಿಯ ಹತ್ತಿ ಅಲ್ಲ, ಪ್ಲಾಸ್ಟಿಕ್ ಕಡ್ಡಿಯ ಪಾಲಿಯೆಸ್ಟರ್ ಸ್ವಾಬ್. ಮರದ ಕಡ್ಡಿ ವೈರಸ್ಸಿನ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಅಡ್ಡಿ ಮಾಡಬಹುದಂತೆ. ಐದು ಕೋಳಿಯ ಗಂಟಲ ಸ್ವಾಬ್ ಒಂದು ಟ್ಯೂಬಿಗೆ, ಹಿಕ್ಕೆಯದು ಬೇರೆ ಟ್ಯೂಬಿಗೆ. ವೈರಸ್ ಸಾಗಿಸುವ ದ್ರವದೊಳಗೆ ಹಾಕಿ, ಐಸ್ ಪ್ಯಾಕ್ ನಡುವೆ ಇಟ್ಟು, ಮೂರು ಪದರ ಮುಚ್ಚಿ ಒಯ್ದರು.

ಮರುದಿನ ಸಂಜೆ ಫೋನ್ ಬಂತು. ಹಕ್ಕಿಜ್ವರ ಇಲ್ಲ. ಕೊಕ್ಕರೆ ರೋಗದ ವೈರಸ್ ಇದೆ. ಆದರೆ ಇನ್ನೂ ಮುಗಿದಿಲ್ಲ ಅಂದರು. ಈ ರೋಗಕ್ಕೆ ನಾವು ಹಾಕುವ ಲಸೋಟಾ ಲಸಿಕೆ ಕೂಡ ಜೀವಂತ ವೈರಸ್ಸೇ ಅಲ್ವಾ, ಪಿಸಿಆರ್‌ಗೆ ಅದೂ ಸಿಗುತ್ತದೆ. ಇದು ಲಸಿಕೆಯದಾ, ಕೊಲ್ಲುವದ್ದಾ ಅಂತ ತಿಳಿಯಲು ವೈರಸ್ಸಿನ ಎಫ್ ಪ್ರೋಟೀನ್ ಸೀಳುವ ಜಾಗದ ಸರಣಿ (ಜೀನಿನ ಅಕ್ಷರಗಳ ಕ್ರಮ) ಓದಬೇಕು. ಇಲ್ಲವೇ ಒಂದು ದಿನದ ಮರಿಗಳ ಮೇಲೆ ಮಾಡುವ ಹಳೇ ಪರೀಕ್ಷೆ ಇದೆ, ಅದರಲ್ಲಿ ಸೂಚ್ಯಂಕ 0.7 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತೀವ್ರ ಜಾತಿ ಅಂತ ಲೆಕ್ಕ. ಸರಣಿ ಓದಿದರು, ತೀವ್ರ ಜಾತಿಯೇ ಆಗಿತ್ತು. 1926ರಲ್ಲಿ ಜಾವಾ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಮೊದಲು ಕಂಡ ರೋಗ ಇದು. ಇಷ್ಟು ವರ್ಷದ ಲಸಿಕೆ ಇದ್ದೂ ನನ್ನ ಶೆಡ್‌ಗೆ ಹೇಗೆ ಬಂತು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಿಸಿಆರ್‌ನಿಂದ ಅಲ್ಲ. ವೈದ್ಯೆ ಮತ್ತೆ ಫೋನ್ ಮಾಡಿ ಕೇಳಿದರು, ನೀರಿಗೆ ಕ್ಲೋರಿನ್ ಹಾಕುತ್ತೀರಾ? ಹೌದು, ತಾನಾಗಿ ಬೀಳುವ ಡೋಸರ್ ಇದೆ. ಲಸಿಕೆ ನೀರಿನಲ್ಲಿ ಕೊಡುವ ದಿನ ಅದನ್ನು ನಿಲ್ಲಿಸುತ್ತೀರಾ? ನಾನು ಉತ್ತರ ಕೊಡಲಿಲ್ಲ. ಒಂದು ದಿನವೂ ನಿಲ್ಲಿಸಿರಲಿಲ್ಲ. ಕ್ಲೋರಿನ್ ಇರುವ ನೀರಿಗೆ ಜೀವಂತ ಲಸಿಕೆ ಹಾಕಿದರೆ ಅದು ಕೋಳಿಯ ಬಾಯಿಗೆ ಹೋಗುವ ಮೊದಲೇ ಸತ್ತಿರುತ್ತದೆ. ಒಂದೆರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸಬೇಕು, ಲೀಟರ್‌ಗೆ ಸುಮಾರು 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಬೇಕು, ಕೋಳಿಗೆ ಸ್ವಲ್ಪ ಬಾಯಾರಿಕೆ ಮಾಡಿಸಿ ಎರಡು ಗಂಟೆಯೊಳಗೆ ಕುಡಿದು ಮುಗಿಯುವಷ್ಟೇ ನೀರು ಕೊಡಬೇಕು. ಇದೇ ಒಂದೇ ಕಾರಣ ಅಂತ ಅವರು ಹೇಳಲಿಲ್ಲ. ಆದರೆ ನನಗೆ ಅಷ್ಟು ಸಾಕಾಗಿತ್ತು. ಲಸಿಕೆ ಕಾರ್ಡಿನಲ್ಲಿ ಎಲ್ಲ ದಿನಾಂಕಕ್ಕೂ ಟಿಕ್ ಇತ್ತು, ಕೋಳಿಯ ರಕ್ತದಲ್ಲಿ ಮಾತ್ರ ಏನೂ ಇರಲಿಲ್ಲ.

ಮೂರನೇ ಸಲ ತಪ್ಪು ನನ್ನದು, ಪೂರ್ತಿ ನನ್ನದು.

ಮೊಟ್ಟೆ ಚೆನ್ನಾಗಿ ಇಡುತ್ತಿದ್ದ ದಪ್ಪ ಕೋಳಿಗಳು ಇದ್ದಕ್ಕಿದ್ದ ಹಾಗೆ ಸಾಯಲು ಶುರುವಾದವು. ಸಂಜೆ ಸರಿಯಾಗಿದ್ದದ್ದು ಬೆಳಿಗ್ಗೆ ಗೂಡಿನಲ್ಲಿ ಸತ್ತಿರುತ್ತಿತ್ತು. ಕೆಲವು ಹುಂಜಗಳ ಗಲ್ಲದ ಜೋಲು ಊದಿಕೊಂಡಿತ್ತು. ನಾನು ಭಯದಲ್ಲಿ ಮೊದಲು ಆಂಟಿಬಯೋಟಿಕ್ ನೀರಿಗೆ ಹಾಕಿದೆ. ಮೂರು ದಿನ ಕೊಟ್ಟೆ. ಸಾವು ಸ್ವಲ್ಪ ಇಳಿದು ಮತ್ತೆ ಏರಿತು. ಆಗ ಲ್ಯಾಬ್ ನೆನಪಾಯಿತು. ಹಿಂದಿನ ರಾತ್ರಿ ಯಾವಾಗಲೋ ಸತ್ತಿದ್ದ ಕೋಳಿಗಳನ್ನು ಮಧ್ಯಾಹ್ನ ಕಟ್ಟಿಕೊಂಡು ಹೋದೆ. ಬೇಸಿಗೆ ಬೇರೆ.

ಚೀಲ ಬಿಚ್ಚಿದರೆ ಹೊಟ್ಟೆ ಹಸಿರಾಗಿತ್ತು. ಒಳಗಿನ ಅಂಗಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಕೋಳಿಯ ಮೈಬಿಸಿಯೇ 41 ಡಿಗ್ರಿ, ಮೇಲೆ ಗರಿಯ ಹೊದಿಕೆ, ಸತ್ತ ಮೇಲೆ ಅದು ಬೇಗ ತಣ್ಣಗಾಗುವುದಿಲ್ಲ, ಒಳಗಿಂದ ಕೊಳೆಯಲು ಶುರುವಾಗಿಬಿಡುತ್ತದೆ. ಸೋಪು ನೀರಿನಲ್ಲಿ ಅದ್ದಿ ಗರಿ ಒದ್ದೆ ಮಾಡಿ ಫ್ರಿಜ್‌ನಲ್ಲಿ ತಣ್ಣಗೆ ಇಡಬೇಕಿತ್ತು. ಫ್ರೀಜರ್‌ನಲ್ಲಿ ಅಲ್ಲ, ಅಲ್ಲಿ ಹಿಮದ ಹರಳು ಅಂಗಾಂಶವನ್ನು ಹರಿದುಹಾಕುತ್ತದೆ, ಆಮೇಲೆ ಮೈಕ್ರೋಸ್ಕೋಪಿನಡಿ ಏನೂ ಓದಲು ಬರುವುದಿಲ್ಲ. ವೈದ್ಯೆ ಆದರೂ ಬಿಡಲಿಲ್ಲ. ಕೊಳೆತ ಕೋಳಿಯಲ್ಲೂ ಮೂಳೆಯೊಳಗಿನ ಮಜ್ಜೆ ಕೆಲವು ಸಲ ಶುದ್ಧವಾಗಿ ಉಳಿದಿರುತ್ತದೆ ಅಂತ ತೊಡೆ ಮೂಳೆ ಒಡೆದು ಅಲ್ಲಿಂದ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡಲು, ಹಾಕಿದರು. ಏನೂ ಬೆಳೆಯಲಿಲ್ಲ. ನಾನು ಕೊಟ್ಟಿದ್ದ ಆಂಟಿಬಯೋಟಿಕ್ ರೋಗವನ್ನು ವಾಸಿ ಮಾಡುವಷ್ಟು ಇರಲಿಲ್ಲ, ಪ್ಲೇಟಿನ ಮೇಲೆ ಬೆಳೆಯದ ಹಾಗೆ ತಡೆಯುವಷ್ಟು ಇತ್ತು. ಔಷಧಿ ಕೊಡುವ ಮೊದಲು ಸ್ಯಾಂಪಲ್ ಕೊಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು.

ಆಂಟಿಬಯೋಟಿಕ್ ನಿಲ್ಲಿಸಿ ಕೆಲವು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಜೀವಂತ ಇರುವ, ಮಂಕಾಗಿ ಕೂತಿರುವ ಐದು ಕೋಳಿ. ಅವರೇ ಅಲ್ಲಿ ನೋವಾಗದ ಹಾಗೆ ಮುಗಿಸಿ ತಕ್ಷಣ ಕೊಯ್ದರು. ಲಿವರ್ ತುಂಬಾ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು. ಅದರ ಸ್ಮಿಯರ್ ಮಾಡಿ ಬಣ್ಣ ಹಾಕಿ ನನಗೆ ಮೈಕ್ರೋಸ್ಕೋಪ್ ತೋರಿಸಿದರು. ಚಿಕ್ಕ ಚಿಕ್ಕ ಕಡ್ಡಿಗಳು, ಎರಡು ತುದಿಗೆ ಮಾತ್ರ ಬಣ್ಣ ಹಿಡಿದು ನಡುವೆ ಖಾಲಿ, ಸೇಫ್ಟಿ ಪಿನ್ ಹಾಗೆ. ಪಾಶ್ಚುರೆಲ್ಲಾ ಮಲ್ಟೋಸಿಡಾ, ಕೋಳಿ ಕಾಲರಾ. ಅವತ್ತೇ ಮಧ್ಯಾಹ್ನ ಅನುಮಾನ ಬಲವಾಯಿತು, ಮರುದಿನ ಕಲ್ಚರ್ ಬೆಳೆಯಿತು, ಮೂರನೇ ದಿನ ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ಪಟ್ಟಿ ಕೈಗೆ ಬಂತು. ಪಟ್ಟಿಯಲ್ಲಿ ನಾನು ಮೂರು ದಿನ ಸುರಿದಿದ್ದ ಆಂಟಿಬಯೋಟಿಕ್ ಮುಂದೆ ರೆಸಿಸ್ಟೆಂಟ್ ಅಂತ ಬರೆದಿತ್ತು. ಇನ್ನೊಂದರ ಮುಂದೆ ಸೆನ್ಸಿಟಿವ್. ಅದನ್ನು ಅವರು ಹೇಳಿದಷ್ಟು ದಿನ ಪೂರ್ತಿ ಕೊಟ್ಟೆ, ಔಷಧಿಯ ಅಂಶ ಹೋಗುವ ತನಕ ಮೊಟ್ಟೆ ಮಾರಲಿಲ್ಲ. ಸಾವು ನಿಂತಿತು. ಆಮೇಲೆ ಇಲಿಗಳ ಹಿಂದೆ ಬಿದ್ದೆ. ಮೊದಲ ದಿನದ ಆ ಉದ್ದದ ಪ್ರಶ್ನೆಗಳಲ್ಲಿ ಇಲಿ ಇವೆಯಾ ಅನ್ನುವುದು ಇತ್ತಲ್ವಾ, ಈ ರೋಗವನ್ನು ಹೊತ್ತು ತಿರುಗುವವರಲ್ಲಿ ಇಲಿಯೂ ಒಂದು.

ಈಗ ದೂರುಗಳು.

ರಿಪೋರ್ಟ್ ಓದಲು ಆಗುವುದಿಲ್ಲ. ಇದು ದೊಡ್ಡ ದೂರು. ಎನ್‌ಡಿವಿ ಎಫ್ ಜೀನ್ ಡಿಟೆಕ್ಟೆಡ್, ಸಿಟಿ 19 ಅಂತ ಬರೆದು ಕಳಿಸಿದರೆ ಶೆಡ್‌ನಲ್ಲಿ ನಿಂತವನು ಏನು ಮಾಡಬೇಕು? ಸಿಟಿ ಸಂಖ್ಯೆ ಕಡಿಮೆ ಇದ್ದಷ್ಟೂ ವೈರಸ್ ಜಾಸ್ತಿ ಅಂತ ಫೋನ್ ಮಾಡಿ ಕೇಳಿದ ಮೇಲೆ ತಿಳಿಯಿತು. ನಾನು 19 ನೋಡಿ ಕಡಿಮೆ ಇದೆ ಅಂತ ಸಮಾಧಾನ ಪಟ್ಟುಕೊಂಡಿದ್ದೆ. ಕೊನೆಯಲ್ಲಿ ಎರಡು ಸಾಲು ಕನ್ನಡದಲ್ಲಿ, ಇದು ಇಂಥ ರೋಗ, ನಾಳೆಯಿಂದ ಹೀಗೆ ಮಾಡಿ ಅಂತ ಬರೆಯಲು ಏನು ಕಷ್ಟ? ಪರೀಕ್ಷೆ ಮಾಡಿದ ಅಷ್ಟು ಶ್ರಮವೂ ಆ ಎರಡು ಸಾಲು ಇಲ್ಲದೆ ಅರ್ಧ ವ್ಯರ್ಥವಾಗುತ್ತದೆ. ಆ ವೈದ್ಯೆ ಇದ್ದರೆ ಬಾಯಲ್ಲಿ ಚೆನ್ನಾಗಿ ಹೇಳುತ್ತಾರೆ. ಅವರು ರಜೆಯಲ್ಲಿದ್ದರೆ ಕಾಗದ ಹಿಡಿದು ಕೂರಬೇಕು.

ಇನ್ನೊಂದು, ಶನಿವಾರ ಮಧ್ಯಾಹ್ನದಿಂದ ಸೋಮವಾರದ ತನಕ ಯಾರೂ ಸ್ಯಾಂಪಲ್ ಮುಟ್ಟುವುದಿಲ್ಲ. ಒಂದು ಸಲ ನಾನು ಶುಕ್ರವಾರ ಕಳಿಸಿದ್ದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಶನಿವಾರ ತಲುಪಿ ಹೊರಗಿನ ಮೇಜಿನ ಮೇಲೆ ಎರಡು ದಿನ ಕೂತಿತ್ತು. ಮತ್ತೆ ರಕ್ತ ತೆಗೆಯಬೇಕಾಯಿತು. ಕೋಳಿಗೆ ಶನಿವಾರ ರೋಗ ಬರುವುದಿಲ್ಲ ಅಂತ ಇಲ್ಲವಲ್ಲ. ಕನಿಷ್ಠ ಒಂದು ಫ್ರಿಜ್, ಅದರಲ್ಲಿ ಇಡಲು ಒಬ್ಬರು, ಇಷ್ಟಾದರೂ ಬೇಕು. ಹಿಸ್ಟೋಪೆಥಾಲಜಿ ನಿಧಾನ ಅನ್ನುವುದು ಗೊತ್ತು, ಅದರ ಕೆಲಸವೇ ಹಾಗೆ, ಅದನ್ನು ದೂರು ಅಂತ ಬರೆಯುವುದಿಲ್ಲ.

ಯಾರಾದರೂ ಹೊಸದಾಗಿ ಹೋಗುವವರಿದ್ದರೆ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ದಿನದ ಲೆಕ್ಕ ಬರೆದಿಡಿ, ಸಾವು, ಮೇವು, ನೀರು, ಮೊಟ್ಟೆ, ನಾಲ್ಕೇ ಕಾಲಂ ಸಾಕು. ಶೆಡ್‌ನಲ್ಲಿ ಹುಟ್ಟಿನಿಂದಲೇ ಬಡವಾಗಿರುವ ಕೋಳಿ ಇರುತ್ತದಲ್ಲ, ಹೇಗೂ ಹೋಗುವುದು ಅಂತ ಅದನ್ನೇ ಕೊಡುವ ಆಸೆ ಆಗುತ್ತದೆ. ಕೊಡಬೇಡಿ, ಅದರ ತೊಂದರೆ ಬೇರೆ, ಉಳಿದವುಗಳ ತೊಂದರೆ ಬೇರೆ. ಮೊನ್ನೆಯಿಂದ ಕಾಯಿಲೆ ಬಿದ್ದ, ಎಲ್ಲದರ ಹಾಗೇ ಕಾಣುವ ನಾಲ್ಕೈದು ಕೋಳಿ ಕೊಡಿ. ಫಾರ್ಮಲಿನ್‌ಗೆ ಹಾಕುವ ತುಂಡು ಅರ್ಧ ಸೆಂಟಿಮೀಟರ್ ದಪ್ಪ ಇದ್ದರೆ ಸಾಕು, ಫಾರ್ಮಲಿನ್ ಅದರ ಹತ್ತರಷ್ಟು ಇರಬೇಕು. ಇಡೀ ಲಿವರ್ ಹಾಕಿದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ಬ್ಯಾಕ್ಟೀರಿಯಾ ಬೆಳೆಸಲು ಕೊಡುವ ಅಂಗವನ್ನು ಫಾರ್ಮಲಿನ್ ಹತ್ತಿರವೂ ತರಬೇಡಿ. ವೈರಸ್‌ಗೆ ಅಂತ ತೆಗೆದ ಸ್ವಾಬ್‌ನಿಂದಲೂ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆ ದ್ರವದಲ್ಲಿ ಆಂಟಿಬಯೋಟಿಕ್ ಬೆರೆಸಿರುತ್ತಾರೆ. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ಸೀರಮ್ ಬೇರೆ ಮಾಡಿ ತಣ್ಣಗಿಡಿ, ರಕ್ತವನ್ನು ಹಾಗೇ ಫ್ರೀಜ್ ಮಾಡಿದರೆ ಕೆಂಪು ನೀರಾಗಿ ಕೆಲಸಕ್ಕೆ ಬರುವುದಿಲ್ಲ. ಒಂದು ಸಲದ ಟೈಟರ್ (ರಕ್ತದಲ್ಲಿರುವ ಪ್ರತಿಕಾಯದ ಮಟ್ಟ) ನೋಡಿ ರೋಗ ಅಂತ ತೀರ್ಮಾನಕ್ಕೂ ಬರಬೇಡಿ, ಲಸಿಕೆಯಿಂದಲೂ ಅದು ಏರಿರುತ್ತದೆ. ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ ತೆಗೆದು ಹೋಲಿಸಬೇಕು. ಮತ್ತೆ ಸಾವು ದಿಢೀರ್ ಏರಿದರೆ, ಮುಖ ಊದಿ ಜುಟ್ಟು ನೀಲಿಯಾದರೆ, ಕತ್ತು ತಿರುಚಿದರೆ, ಚೀಲ ಹುಡುಕಬೇಡಿ. ಫೋನ್ ಹುಡುಕಿ.

ಎಲ್ಲ ರೋಗಕ್ಕೂ ಇಷ್ಟು ದಿನ ಬೇಕಿಲ್ಲ ಅನ್ನುವುದನ್ನೂ ಹೇಳಬೇಕು. ಮರಿಗಳ ರಕ್ತಭೇದಿಗೆ ಕುರುಡು ಕರುಳನ್ನು ಕೆರೆದು ಗಾಜಿನ ಮೇಲಿಟ್ಟು ನೋಡಿದರೆ ಹತ್ತೇ ನಿಮಿಷ. ಅದನ್ನು ಅವರು ನಾನು ನಿಂತಿರುವಾಗಲೇ ಮಾಡಿಕೊಟ್ಟಿದ್ದಾರೆ, ಎರಡು ಸಲ.

ಐದಕ್ಕೆ ನಾನು ನಾಲ್ಕು ಕೊಡುತ್ತೇನೆ. ಒಂದು ಅಂಕ ಹೋದದ್ದು ಆ ರಿಪೋರ್ಟ್ ಮತ್ತು ಶನಿವಾರಕ್ಕೆ. ಉಳಿದ ನಾಲ್ಕರಲ್ಲಿ ಮೂರು ಆ ವೈದ್ಯೆಯ ಪ್ರಶ್ನೆಗಳಿಗೆ. ರ್ಯಾಪಿಡ್ ಕಿಟ್‌ಗೆ ಎರಡು, ಪಾಸಿಟಿವ್ ಬಂದ ದಿನ ಅದು ಉಪಯೋಗಕ್ಕೆ ಬರುತ್ತದೆ ಅನ್ನುವ ಕಾರಣಕ್ಕೆ ಮಾತ್ರ.

ಈಗಿನ ಬ್ಯಾಚ್‌ಗೆ 16 ವಾರ. ಕುಂಟುವುದು ಒಂದೂ ಇಲ್ಲ. ಈ ಸಲ ಲಸಿಕೆ ಹಾಕುವ ಎರಡು ದಿನ ಮೊದಲೇ ಡೋಸರ್ ವೈರ್ ಕಿತ್ತಿಟ್ಟಿದ್ದೆ. ಲಸಿಕೆ ಹಾಕಿ ಮೂರು ವಾರ ಆಗುತ್ತಾ ಬಂತು. ಸೋಮವಾರ ಬೆಳಿಗ್ಗೆ ಇಪ್ಪತ್ತು ಕೋಳಿಯ ರೆಕ್ಕೆಯಿಂದ ರಕ್ತ ತೆಗೆದು ಒಯ್ಯಬೇಕು. ಈ ಸಲ ಲಸಿಕೆ ರಕ್ತಕ್ಕೆ ಸೇರಿದೆಯಾ ಅಂತ ನೋಡಬೇಕು.